ಕೊಡಗಿನ ಸಿಂಗಳೀಕ, ಮುಸುವ, ಕಾಡುಪಾಪಗಳ ಅಧ್ಯಯನಕ್ಕೆ ಹಣ ಹೊಂದಿಸುವುದು ಹೇಗೆ? ಊರಿನವರ ಜೊತೆ ಸೇರಿ ಕೆಲಸ ಮಾಡುವವರಿಗೊಂದು ಮಾರ್ಗದರ್ಶಿ

ಹುಲಿ, ಆನೆಯ ಹೆಸರು ಹೇಳಿದರೆ ಹಣ ಕೊಡುವವರು ಕಿವಿಗೊಡುತ್ತಾರೆ. ಮಂಗನ ಹೆಸರು ಹೇಳಿದರೆ ತೋಟದವರೂ ಮುಖ ಸಿಂಡರಿಸುತ್ತಾರೆ, ಕಚೇರಿಯವರೂ ನಾಳೆ ಬನ್ನಿ ಎನ್ನುತ್ತಾರೆ. ಆದರೂ ಕೊಡಗಿನಷ್ಟು ಚಿಕ್ಕ ಜಿಲ್ಲೆಯಲ್ಲಿ ಸಿಂಗಳೀಕ, ನೀಲಗಿರಿಯ ಕರಿಮುಸುವ, ಬೂದು ಮುಸುವ, ನಮ್ಮ ಮಾಮೂಲಿ ಕೋತಿ, ರಾತ್ರಿ ಮಾತ್ರ ಹೊರಬರುವ ಕಾಡುಪಾಪ, ಇಷ್ಟೂ ಇವೆ. ಇವುಗಳಲ್ಲಿ ಹೆಚ್ಚಿನವು ಅಭಯಾರಣ್ಯದ ಗಡಿಯೊಳಗೇ ಇರುವ ಪ್ರಾಣಿಗಳಲ್ಲ. ಕಾಫಿ ತೋಟದ ನೆರಳು ಮರ, ದೇವರಕಾಡು, ಬಾಣೆ (ಗದ್ದೆಗೆ ಸೇರಿದ ಮರಗಳ ಜಮೀನು), ರಸ್ತೆ ಬದಿ ಎಲ್ಲ ಕಡೆ ಓಡಾಡುತ್ತವೆ. ಆದ್ದರಿಂದ ತೋಟದವರನ್ನೂ ಹಾಡಿಯವರನ್ನೂ (ಬುಡಕಟ್ಟು ಜನರ ವಸತಿಯವರನ್ನೂ) ಬಿಟ್ಟು ಇವುಗಳನ್ನು ಅಧ್ಯಯನ ಮಾಡಲು ಸಾಧ್ಯವಿಲ್ಲ, ಉಳಿಸಿಕೊಳ್ಳಲಂತೂ ಸಾಧ್ಯವೇ ಇಲ್ಲ.

ಪೊನ್ನಂಪೇಟೆ ಅರಣ್ಯ ಕಾಲೇಜಿನ ವಿದ್ಯಾರ್ಥಿ, ಊರಿನ ಶಾಲೆಯ ಮೇಷ್ಟ್ರು, ತೋಟದ ಮನೆಯ ಯುವಕ ಯುವತಿಯರು, ಸಣ್ಣ ಟ್ರಸ್ಟ್ ನಡೆಸುವವರು, ಇಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅರ್ಜಿಯಲ್ಲಿ ‘ಸಮುದಾಯ ಆಧಾರಿತ’ ಎಂದು ಬರೆದು, ಬಜೆಟ್‌ನಲ್ಲಿ ಊರಿನವರ ಕೂಲಿಗೆ ಒಂದು ರೂಪಾಯಿಯನ್ನೂ ಇಡದ ಯೋಜನೆಗಳನ್ನು ನಾನು ಒಪ್ಪುವುದಿಲ್ಲ. ಚೆನ್ನಾಗಿ ಓದುವ ದಾನಿಗಳೂ ಒಪ್ಪುವುದಿಲ್ಲ.

ಮೊದಲು ಪ್ರಶ್ನೆ ಗಟ್ಟಿಯಾಗಲಿ

‘ಕೊಡಗಿನ ವಾನರಗಳ ಸಂರಕ್ಷಣೆ’ ಎಂಬ ವಿಷಯಕ್ಕೆ ಯಾರೂ ಹಣ ಕೊಡುವುದಿಲ್ಲ. ಅದು ವಿಷಯವಾಯಿತೇ ಹೊರತು ಪ್ರಶ್ನೆಯಾಗಲಿಲ್ಲ. ಯಾವ ಪ್ರಾಣಿ, ಯಾವ ಜಾಗ, ಏನು ತಿಳಿಯಬೇಕು, ತಿಳಿದ ಮೇಲೆ ಯಾರು ಏನನ್ನು ಬೇರೆ ರೀತಿ ಮಾಡುತ್ತಾರೆ, ಈ ನಾಲ್ಕೂ ಒಂದೇ ವಾಕ್ಯದಲ್ಲಿ ಬರಬೇಕು.

ಪ್ರಾಣಿಯ ಆಯ್ಕೆ ಮುಖ್ಯ, ಏಕೆಂದರೆ ಹಣದ ದಾರಿ ಅದರ ಮೇಲೆ ನಿಂತಿದೆ. ಸಿಂಗಳೀಕ ಪಶ್ಚಿಮ ಘಟ್ಟದಲ್ಲಿ ಬಿಟ್ಟರೆ ಜಗತ್ತಿನ ಬೇರೆಲ್ಲೂ ಕಾಡಿನಲ್ಲಿ ಇಲ್ಲ. ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟಿದೆ ಎಂದು ಹೇಳುವ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದು ಅಳಿವಿನಂಚಿನ ಪ್ರಾಣಿ. ಕೊಡಗಿನಲ್ಲಿ ಪುಷ್ಪಗಿರಿ ಕಡೆಯ, ಬ್ರಹ್ಮಗಿರಿ–ಮಾಕುಟ್ಟ ಕಡೆಯ ನಿತ್ಯಹರಿದ್ವರ್ಣ ಕಾಡೇ ಅದರ ನೆಲೆ. ನೀಲಗಿರಿ ಕರಿಮುಸುವಕ್ಕೆ ಕೊಡಗು ಉತ್ತರದ ಕೊನೆಯ ಗಡಿ. ಗಡಿಯಲ್ಲಿರುವ ಪ್ರಾಣಿಯ ಬಗ್ಗೆ ಕೇಳುವ ಪ್ರಶ್ನೆಗೆ ವಿಜ್ಞಾನದಲ್ಲಿ ತನ್ನದೇ ತೂಕ ಇದೆ. ಇವೆರಡಕ್ಕೂ ಹೊರದೇಶದ ದಾನಿಗಳು ಸಿಗುವ ಸಾಧ್ಯತೆ ಹೆಚ್ಚು. ಕಾಡುಪಾಪಕ್ಕೆ ರಾತ್ರಿ ಕೆಲಸ, ತಲೆಗೆ ಕಟ್ಟಿಕೊಳ್ಳುವ ಕೆಂಪು ಬೆಳಕಿನ ಟಾರ್ಚು, ಆನೆ ಎದುರಾಗದಂತೆ ಜೊತೆಗೊಬ್ಬರು ಬೇಕು. ಖರ್ಚು ಕಡಿಮೆ, ಅಪಾಯ ಹೆಚ್ಚು.

ಮಾಮೂಲಿ ಕೋತಿಯನ್ನು ದಯವಿಟ್ಟು ಬಿಡಬೇಡಿ. ದಕ್ಷಿಣ ಭಾರತದಲ್ಲಿ ಮಾತ್ರ ಇರುವ ಈ ಪ್ರಾಣಿಯನ್ನು ಬಹಳ ಕಾಲ ‘ಎಲ್ಲೆಲ್ಲೂ ಇದೆ, ಚಿಂತೆ ಇಲ್ಲ’ ಎನ್ನುವ ಸಾಲಿನಲ್ಲಿ ಇಟ್ಟಿದ್ದರು. ಈಗ ಕೆಂಪು ಪಟ್ಟಿಯಲ್ಲಿ ಅದು ಅಪಾಯಕ್ಕೆ ಸಿಲುಕಬಹುದಾದ ಪ್ರಾಣಿಗಳ ಗುಂಪಿಗೆ ಸೇರಿದೆ. ಊರಿನವರಿಗೂ ಇದರ ಮೇಲೇ ಸಿಟ್ಟು. ಬಾಳೆ, ಏಲಕ್ಕಿ, ಕಿತ್ತಳೆ ಯಾವುದನ್ನೂ ಉಳಿಸುವುದಿಲ್ಲ ಎಂಬ ದೂರು ಒಂದು ಕಡೆ, ‘ಪೇಟೆಯಲ್ಲಿ ಹಿಡಿದ ಕೋತಿಗಳನ್ನು ತಂದು ನಮ್ಮೂರ ಹತ್ತಿರ ಬಿಟ್ಟು ಹೋಗುತ್ತಾರೆ’ ಎಂಬ ದೂರು ಇನ್ನೊಂದು ಕಡೆ. ಇಷ್ಟು ದೂರು ಇರುವ ಜಾಗದಲ್ಲಿ ಪ್ರಶ್ನೆಗೆ ಬರವಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ: ‘ಸಿಲ್ವರ್ ಓಕ್ ತುಂಬಿರುವ ತೋಟಗಳಲ್ಲೂ, ಅತ್ತಿ, ಹಲಸಿನಂಥ ಊರಮರ ಉಳಿಸಿಕೊಂಡ ತೋಟಗಳಲ್ಲೂ ಕೋತಿಯಿಂದಾಗುವ ಬೆಳೆನಷ್ಟ ಒಂದೇ ಮಟ್ಟದ್ದೇ?’ ಇದಕ್ಕೆ ಉತ್ತರ ಸಿಕ್ಕರೆ ಮರ ಕಡಿಯುವ ಮುಂಚೆ ತೋಟದ ಯಜಮಾನರು ಎರಡು ಸಲ ಯೋಚಿಸುತ್ತಾರೆ. ದಾನಿಗೆ ಬೇಕಾದ ‘ಸಂರಕ್ಷಣೆಯ ಪ್ರಯೋಜನ’ ಅದೇ.

ಅರ್ಜಿಗೆ ಮುಂಚೆ ಊರು

ಹಣ ಬಂದ ಮೇಲೆ ಸಭೆ ಕರೆಯೋಣ ಎಂದುಕೊಂಡರೆ ಕೆಲಸ ಕೆಡುತ್ತದೆ. ಊರಿನವರು ಬೇಡ ಎಂದರೆ ಬದಲಾಯಿಸಲು ಸಾಧ್ಯವಿರುವಾಗಲೇ ಅವರ ಮುಂದೆ ಹೋಗಬೇಕು.

ಯಾರ ಹತ್ತಿರ ಹೋಗಬೇಕು? ತೋಟದ ಯಜಮಾನರ ಹತ್ತಿರ, ಸರಿ. ಆದರೆ ಯಾವ ಹೊತ್ತಿಗೆ ಯಾವ ಮರದಲ್ಲಿ ಮಂಗ ಇರುತ್ತದೆ ಎಂಬುದು ತೋಟದ ಕೆಲಸ ನೋಡಿಕೊಳ್ಳುವ ರೈಟರಿಗೂ ಲೈನ್‌ಮನೆಯ ಕಾರ್ಮಿಕರಿಗೂ ಹೆಚ್ಚು ಗೊತ್ತು. ಯರವರ, ಜೇನುಕುರುಬರ ಹಾಡಿಗಳಲ್ಲಿ, ಬ್ರಹ್ಮಗಿರಿ–ತಲಕಾವೇರಿ ಸಾಲಿನ ಕುಡಿಯರ ಮನೆಗಳಲ್ಲಿ ಕಾಡನ್ನು ಹೆಜ್ಜೆ ಹೆಜ್ಜೆಗೂ ಬಲ್ಲವರಿದ್ದಾರೆ. ಅವರನ್ನು ದಾರಿ ತೋರಿಸಲಷ್ಟೇ ಕರೆಯದೆ, ಯಾವ ಪ್ರಶ್ನೆ ಕೇಳಬೇಕೆಂದು ಅವರಿಂದಲೇ ಕೇಳಿ. ಜಿಲ್ಲೆಯಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿ ಕಾಲಿಡುವ ಮುಂಚೆ ದೇವತಕ್ಕರನ್ನೂ (ದೇವಸ್ಥಾನದ ಪಾರಂಪರಿಕ ಮುಖ್ಯಸ್ಥರನ್ನೂ) ದೇವಸ್ಥಾನದ ಸಮಿತಿಯನ್ನೂ ಕಾಣಬೇಕು. ಕೆಲವು ಕಾಡುಗಳಿಗೆ ಚಪ್ಪಲಿ ಹಾಕಿ ಹೋಗುವಂತಿಲ್ಲ, ಕೆಲವಕ್ಕೆ ಹಬ್ಬದ ಕಟ್ಟು ಬಿದ್ದಾಗ ಹೋಗುವಂತಿಲ್ಲ. ಈ ನಿಯಮಗಳನ್ನು ನಿಮ್ಮ ಅಧ್ಯಯನದ ವೇಳಾಪಟ್ಟಿಯಲ್ಲೇ ಬರೆದುಕೊಳ್ಳಿ.

ಕಾಲವನ್ನೂ ನೋಡಿ ಹೋಗಬೇಕು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕುಯ್ಲು. ಅರೇಬಿಕಾ ಮುಗಿಯುತ್ತಿದ್ದಂತೆ ರೋಬಸ್ಟಾ, ಯಾರಿಗೂ ಪುರುಸೊತ್ತಿಲ್ಲ. ಜೂನ್‌ನಿಂದ ಮಳೆ ಹಿಡಿದರೆ ದಾರಿಯೇ ಇರುವುದಿಲ್ಲ. ಕೈಲ್‌ಪೋದ್, ಕಾವೇರಿ ಸಂಕ್ರಮಣ, ಹುತ್ತರಿ ಹಬ್ಬಗಳ ಹೊತ್ತಿನಲ್ಲಿ ನಿಮ್ಮ ಪ್ರಶ್ನಾವಳಿ ಹಿಡಿದು ಯಾರ ಮನೆಯ ಮುಂದೂ ನಿಲ್ಲಬೇಡಿ. ಏಪ್ರಿಲ್, ಮೇ ತಿಂಗಳ ಸಂಜೆ ಒಳ್ಳೆಯದು.

ಬೇಟೆಯ ವಿಷಯ ಬಂದರೆ ಎಚ್ಚರ. ಸಿಂಗಳೀಕ, ಕರಿಮುಸುವಗಳನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಗಂಭೀರ ಅಪರಾಧ. ನಂಬಿ ಹೇಳಿದವರ ಹೆಸರು, ಮನೆ, ತೋಟದ ಗುರುತು ಯಾವುದೂ ನಿಮ್ಮ ಪುಸ್ತಕದಲ್ಲಿ ಇರಬಾರದು. ಸಂಖ್ಯೆ ಕೊಟ್ಟು ಬರೆಯಿರಿ. ಹೇಗೆ ಗುಟ್ಟು ಕಾಯುತ್ತೀರಿ ಎಂದು ದಾನಿಗಳು ಕೇಳುತ್ತಾರೆ. ಕೇಳದಿದ್ದರೂ ಅದು ನಿಮ್ಮ ಹೊಣೆ.

ಸಭೆ ಮುಗಿದ ಮೇಲೆ ಕನ್ನಡದಲ್ಲೇ ಒಂದು ಪುಟ ಬರೆದು, ಓದಿ ಹೇಳಿ, ಒಪ್ಪಿದವರ ಸಹಿ ತೆಗೆದುಕೊಳ್ಳಿ. ಗ್ರಾಮ ಪಂಚಾಯಿತಿಯಲ್ಲಿ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದರಿಂದ ಹಣ ಸಿಗುವುದು ಅಷ್ಟಕ್ಕಷ್ಟೆ. ಆದರೆ ಆ ಸಮಿತಿಯ ಒಂದು ಬೆಂಬಲ ಪತ್ರ ನಿಮ್ಮ ಅರ್ಜಿಗೆ ಕೊಡುವ ಬಲ ದೊಡ್ಡದು.

ತೋಟದ ಯಜಮಾನರ ಜೊತೆ ಮಾತಾಡುವಾಗ ಬೆಲೀಜ್ ದೇಶದ ಕಥೆ ಹೇಳಿ. ಅಲ್ಲಿ 1985ರಲ್ಲಿ ರಾಬರ್ಟ್ ಹಾರ್ವಿಚ್ ಎಂಬ ವಿಜ್ಞಾನಿ ಹಳ್ಳಿಯ ರೈತರೊಡನೆ ಕೂತು, ಕಪ್ಪು ಹೌಲರ್ ಮಂಗಗಳಿಗಾಗಿ ಒಂದು ಕಾಪುಕಾಡು ಶುರುಮಾಡಿದರು. ಸರ್ಕಾರ ಜಮೀನು ವಶಪಡಿಸಿಕೊಳ್ಳಲಿಲ್ಲ, ಬೇಲಿ ಹಾಕಲಿಲ್ಲ. ಹೊಳೆಬದಿಯ ಮರ ಉಳಿಸುತ್ತೇವೆ, ಜಮೀನುಗಳ ನಡುವೆ ಮರದ ಸಾಲು ಬಿಡುತ್ತೇವೆ ಎಂದು ಜಮೀನಿನ ಒಡೆಯರು ತಾವಾಗಿ ಬರೆದುಕೊಟ್ಟರು, ಅಷ್ಟೆ. ಹನ್ನೆರಡು ಮಂದಿಯಿಂದ ಶುರುವಾದದ್ದು ಏಳು ಹಳ್ಳಿಗಳ ಇನ್ನೂರಕ್ಕೂ ಹೆಚ್ಚು ಒಡೆಯರಿಗೆ ಮುಟ್ಟಿತು. ಅದೇ ಹಾರ್ವಿಚ್ ಮುಂದೆ ಅಸ್ಸಾಂನ ಹೊನ್ನಿನ ಬಣ್ಣದ ಮುಸುವಕ್ಕಾಗಿಯೂ ಊರಿನವರ ಜೊತೆ ಕೆಲಸ ಮಾಡಿದರು. ಖಾಸಗಿ ತೋಟಗಳೇ ಹೆಚ್ಚಿರುವ ಕೊಡಗಿಗೆ ಇದಕ್ಕಿಂತ ಹತ್ತಿರದ ಮಾದರಿ ನನಗೆ ಕಾಣುವುದಿಲ್ಲ.

ಅನುಮತಿ

ಖಾಸಗಿ ತೋಟದಲ್ಲಿ ಮಂಗಗಳನ್ನು ಮುಟ್ಟದೆ, ಹಿಡಿಯದೆ, ದೂರದಿಂದ ನೋಡಿ ಬರೆದುಕೊಳ್ಳುವುದಾದರೆ ಯಜಮಾನರ ಲಿಖಿತ ಒಪ್ಪಿಗೆ ಪಡೆದು, ವಲಯ ಅರಣ್ಯಾಧಿಕಾರಿಗಳಿಗೆ ಒಂದು ಪತ್ರ ಕೊಟ್ಟು ಶುರುಮಾಡಬಹುದು. ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಅಭಯಾರಣ್ಯಗಳಿಗೆ ಅದು ಸಾಲದು. ಅಲ್ಲಿ ಸಂಶೋಧನೆಗೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಅವರ ಕಚೇರಿ ಬೆಂಗಳೂರಿನ ಮಲ್ಲೇಶ್ವರದ ಅರಣ್ಯ ಭವನದಲ್ಲಿದೆ. ಮೀಸಲು ಅರಣ್ಯಕ್ಕೂ ಇಲಾಖೆಯ ಒಪ್ಪಿಗೆ ಬೇಕು. ಹಿಡಿಯುವುದು, ಕಾಲರ್ ಹಾಕುವುದು, ರಕ್ತ ತೆಗೆಯುವುದೆಲ್ಲ ಬೇರೆಯದೇ ಲೆಕ್ಕ. ಮೊದಲ ಯೋಜನೆಯಲ್ಲಿ ಅದರ ತಂಟೆಗೆ ಹೋಗಬೇಡಿ. ಮಂಗದ ಹಿಕ್ಕೆ, ಕೂದಲಿನಂಥ ಮಾದರಿ ಹೊರದೇಶಕ್ಕೆ ಹೋಗುವುದಾದರೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿಯೂ ಬೇಕಾಗುತ್ತದೆ.

ಅನುಮತಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಆದ್ದರಿಂದ ಹಣದ ಅರ್ಜಿ, ಅನುಮತಿಯ ಅರ್ಜಿ ಎರಡನ್ನೂ ಒಟ್ಟಿಗೆ ಹಾಕಿ, ಮೊದಲ ತಿಂಗಳುಗಳ ಕೆಲಸವನ್ನು ತೋಟಗಳಲ್ಲಿಡಿ.

ಹಣ ಯಾರ ಖಾತೆಗೆ ಬರುತ್ತದೆ?

ಹೆಚ್ಚಿನವರು ಎಡವುವುದು ಇಲ್ಲೇ. ಹೊರದೇಶದ ಹಣಕ್ಕೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಎಲ್ಲರ ಬಾಯಲ್ಲಿ ಎಫ್‌ಸಿಆರ್‌ಎ, ಅನ್ವಯಿಸುತ್ತದೆ. ನೋಂದಣಿ ಬೇಕೆಂದರೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಅವಧಿಯಲ್ಲಿ ತನ್ನ ಉದ್ದೇಶಕ್ಕೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ನಿನ್ನೆ ಮೊನ್ನೆ ಹುಟ್ಟಿದ ಟ್ರಸ್ಟ್‌ಗೆ ಇದು ಆಗದ ಮಾತು. ಒಂದು ನಿರ್ದಿಷ್ಟ ದಾನಿಯಿಂದ ನಿರ್ದಿಷ್ಟ ಕೆಲಸಕ್ಕೆ ಪೂರ್ವಾನುಮತಿ ಪಡೆಯುವ ದಾರಿಯೂ ಇದೆ, ಆದರೆ ಅದು ನಿಧಾನ.

2020ರ ತಿದ್ದುಪಡಿಯ ನಂತರ ನೋಂದಾಯಿತ ಸಂಸ್ಥೆಯೊಂದು ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ‘ಅವರ ಖಾತೆಗೆ ಬರಲಿ, ಆಮೇಲೆ ನಮಗೆ ಕೊಡುತ್ತಾರೆ’ ಎಂಬ ಹಳೆಯ ಏರ್ಪಾಡು ಈಗ ನಡೆಯುವುದಿಲ್ಲ. ಆಡಳಿತದ ಖರ್ಚೂ ಶೇಕಡ 20ನ್ನು ಮೀರುವಂತಿಲ್ಲ. ಉಳಿಯುವ ನೇರ ದಾರಿ ಒಂದು: ನೋಂದಣಿ ಇರುವ ಸಂಶೋಧನಾ ಸಂಸ್ಥೆಯೇ ಯೋಜನೆಯನ್ನು ನಡೆಸಬೇಕು, ನೀವು ಅದರ ಸಿಬ್ಬಂದಿಯಾಗಿ ಕೆಲಸ ಮಾಡಬೇಕು. ವೈಯಕ್ತಿಕ ಖಾತೆಗೆ ಹಣ ಕಳಿಸಲು ದಾನಿ ಒಪ್ಪಿದರೂ ಕಾನೂನು ಒಪ್ಪಿತೆಂದು ಅರ್ಥವಲ್ಲ. ಇದನ್ನು ಬಲ್ಲ ಲೆಕ್ಕಪರಿಶೋಧಕರಿಂದ ಬರಹದಲ್ಲಿ ಅಭಿಪ್ರಾಯ ತೆಗೆದುಕೊಂಡ ಮೇಲೆಯೇ ಮುಂದುವರಿಯಿರಿ.

ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್, ಬೆಂಗಳೂರಿನ ಏಟ್ರೀ, ಕೊಯಮತ್ತೂರಿನ ಸಾಕೋನ್, ಸಿಂಗಳೀಕದ ಅಧ್ಯಯನದಲ್ಲಿ ದೀರ್ಘ ಪರಂಪರೆ ಇರುವ ಮೈಸೂರು ವಿಶ್ವವಿದ್ಯಾಲಯ, ಪೊನ್ನಂಪೇಟೆಯ ಅರಣ್ಯ ಕಾಲೇಜು, ಇವುಗಳಲ್ಲಿ ನಿಮ್ಮ ಪ್ರಶ್ನೆಗೆ ಹತ್ತಿರದ ಕೆಲಸ ಮಾಡುವವರನ್ನು ಹುಡುಕಿ. ಪತ್ರ ಒಂದು ಪುಟ ಮೀರದಿರಲಿ. ಊರಿನವರ ಸಹಿ ಇರುವ ಹಾಳೆ ಜೊತೆಗಿರಲಿ.

ಹಣ ಎಲ್ಲಿದೆ

ಮೊದಲ ಸಲದವರಿಗೆ ಬ್ರಿಟನ್ನಿನ ರಫರ್ಡ್ ಫೌಂಡೇಶನ್ ಒಳ್ಳೆಯ ಬಾಗಿಲು. ಕೆಲವು ಸಾವಿರ ಪೌಂಡಿನ ಮೊದಲ ಅನುದಾನದಿಂದ ಶುರುವಾಗಿ, ಕೆಲಸ ಚೆನ್ನಾಗಿ ಮುಗಿಸಿದವರಿಗೆ ಹಂತ ಹಂತವಾಗಿ ದೊಡ್ಡ ಅನುದಾನ ಕೊಡುತ್ತದೆ. ಸಂರಕ್ಷಣೆಗೆ ನೇರ ಉಪಯೋಗವಿಲ್ಲದ ಬರೀ ಸಂಶೋಧನೆಗೆ ಕೊಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಊರಿನ ಜೊತೆಗಿನ ನಿಮ್ಮ ಕೆಲಸ ಅಲ್ಲಿ ಲೆಕ್ಕಕ್ಕೆ ಬರುತ್ತದೆ.

ಅಮೆರಿಕದ ಪ್ರೈಮೇಟ್ ಕನ್ಸರ್ವೇಶನ್ ಇಂಕಾರ್ಪೊರೇಟೆಡ್ ಮಂಗಗಳಿಗಷ್ಟೇ ಮೀಸಲು. ಹೆಚ್ಚೆಂದರೆ 5,000 ಡಾಲರ್, ಸಾಮಾನ್ಯವಾಗಿ ಅದರ ಅರ್ಧದಷ್ಟು ಕೊಡುತ್ತದೆ. ಪ್ರಾಣಿ ಇರುವ ದೇಶದವರೇ ಮಾಡುವ ಕೆಲಸಕ್ಕೆ ಒಲವು ತೋರುತ್ತದೆ. ಸಿಂಗಳೀಕ, ಕರಿಮುಸುವದ ಪ್ರಶ್ನೆ ಇದಕ್ಕೆ ಹೊಂದುತ್ತದೆ. ಅಬುಧಾಬಿಯ ಮೊಹಮದ್ ಬಿನ್ ಜಾಯೆದ್ ನಿಧಿ ಒಂದೇ ಪ್ರಭೇದದ ಮೇಲಿನ ಕೆಲಸಕ್ಕೆ 25,000 ಡಾಲರ್‌ವರೆಗೂ ಕೊಡುತ್ತದೆ. ಕ್ಯಾಮೆರಾ, ಬೈನಾಕ್ಯುಲರ್, ಜಿಪಿಎಸ್ ಮಾತ್ರ ಬೇಕಿದ್ದರೆ ಐಡಿಯಾ ವೈಲ್ಡ್ ಎಂಬ ಸಂಸ್ಥೆ ಹಣದ ಬದಲು ಸಲಕರಣೆಯನ್ನೇ ಕೊಡುತ್ತದೆ. ಸಂಘಟಿತ ತಂಡವಿದ್ದರೆ ಕನ್ಸರ್ವೇಶನ್ ಲೀಡರ್‌ಶಿಪ್ ಪ್ರೋಗ್ರಾಮ್ ನೋಡಿ.

ಶಾಲೆಯ ಮೇಷ್ಟ್ರುಗಳಿಗೆ ಒಂದು ವಿಶೇಷ ಮಾತು. ಅಂತರರಾಷ್ಟ್ರೀಯ ಪ್ರೈಮೇಟಾಲಜಿಕಲ್ ಸೊಸೈಟಿಯು ಸಣ್ಣ ಸಂಶೋಧನಾ ಅನುದಾನಗಳ ಜೊತೆಗೆ ಚಾರ್ಲ್ಸ್ ಸೌತ್‌ವಿಕ್ ಹೆಸರಿನಲ್ಲಿ ಒಂದು ಪ್ರಶಸ್ತಿ ಕೊಡುತ್ತದೆ. ಮಂಗಗಳಿರುವ ದೇಶಗಳಲ್ಲಿ ಮಕ್ಕಳಿಗೂ ಊರಿನವರಿಗೂ ಸಂರಕ್ಷಣೆ ಕಲಿಸುವ ಸ್ಥಳೀಯರಿಗಾಗಿಯೇ ಇರುವ ಪ್ರಶಸ್ತಿ ಅದು. ಸದ್ದಿಲ್ಲದೆ ಈ ಕೆಲಸ ಮಾಡುವ ಶಿಕ್ಷಕರು ನಮ್ಮಲ್ಲಿ ಇದ್ದಾರೆ, ಅವರ ಹೆಸರನ್ನು ಯಾರಾದರೂ ಕಳಿಸಬೇಕು.

ದೇಶದೊಳಗಿನ ಹಣಕ್ಕೆ ಎಫ್‌ಸಿಆರ್‌ಎ ತೊಡಕಿಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇಕಡ 2ನ್ನು ಸಾಮಾಜಿಕ ಹೊಣೆಯ ಕೆಲಸಕ್ಕೆ ಕೊಡಬೇಕು. ಸಸ್ಯ, ಪ್ರಾಣಿ ಸಂರಕ್ಷಣೆಯೂ ಆ ಪಟ್ಟಿಯಲ್ಲಿದೆ. ತಮ್ಮ ವ್ಯವಹಾರವಿರುವ ಸ್ಥಳಕ್ಕೆ ಆದ್ಯತೆ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ. ಕೊಡಗಿನಲ್ಲಿ ತೋಟ, ಕ್ಯೂರಿಂಗ್ ವರ್ಕ್ಸ್, ರೆಸಾರ್ಟ್ ಇರುವ ಕಂಪನಿಗಳನ್ನು ಕೇಳುವಾಗ ಈ ಮಾತನ್ನು ಮುಂದಿಡಿ. ಈ ಹಣ ಪಡೆಯುವ ಟ್ರಸ್ಟ್‌ಗೆ ಸಿಎಸ್‌ಆರ್-1 ಎಂಬ ಸರ್ಕಾರಿ ನೋಂದಣಿ ಇರಲೇಬೇಕು. ಆರ್ಥಿಕ ವರ್ಷ ಮುಗಿಯುವ ಮಾರ್ಚ್‌ನಲ್ಲಿ ಹೋದರೆ ಆ ವರ್ಷದ ಹಣ ಹಂಚಿಹೋಗಿರುತ್ತದೆ.

ಯಾವುದಕ್ಕೇ ಆಗಲಿ, ಅರ್ಜಿ ಹಾಕುವ ವಾರ ದಾನಿಯ ಜಾಲತಾಣದಲ್ಲಿ ಮೊತ್ತವನ್ನೂ ಕೊನೆಯ ದಿನವನ್ನೂ ನೋಡಿಕೊಳ್ಳಿ.

ಬಜೆಟ್

ಬಜೆಟ್ ಬರೆಯುವಾಗ ಮೊದಲ ಸಾಲಿನಲ್ಲಿ ಕ್ಯಾಮೆರಾ ಬೇಡ, ಜನರಿರಲಿ. ಲೆಕ್ಕ ಹೀಗೆ ಬಿಡಿಸಿ ತೋರಿಸಿ: ಸ್ಥಳೀಯ ಸಂಶೋಧನಾ ಸಹಾಯಕರು ಇಬ್ಬರು, ತಿಂಗಳಿಗೆ 15 ದಿನ, 8 ತಿಂಗಳು, ಒಟ್ಟು 240 ಆಳುದಿನ. ದಿನದ ಕೂಲಿ ತೋಟದ ಕೂಲಿಗಿಂತ ಕಡಿಮೆ ಇರಬಾರದು, ಕುಯ್ಲಿನ ತಿಂಗಳುಗಳಲ್ಲಿ ಆಗಿನ ಹೆಚ್ಚಿನ ದರಕ್ಕೇ ಸರಿಹೊಂದಿಸಬೇಕು. ಇಲ್ಲದಿದ್ದರೆ ಜನವರಿಯಲ್ಲಿ ನಿಮ್ಮ ಸಹಾಯಕರು ನ್ಯಾಯವಾಗಿಯೇ ಕಾಫಿ ಕುಯ್ಯಲು ಹೋಗುತ್ತಾರೆ. ‘ಸ್ವಯಂಸೇವಕರು’ ಎಂಬ ಹೆಸರಿನಲ್ಲಿ ಹಾಡಿಯ ಹುಡುಗರಿಂದ ಬಿಟ್ಟಿ ದುಡಿಸಿಕೊಳ್ಳಬೇಡಿ. ಅವರ ಒಂದು ದಿನದ ದುಡಿಮೆ ಮನೆಯ ಅನ್ನ.

ಆಮೇಲೆ ಜೀಪು. ಕೊಡಗಿನಲ್ಲಿ ಬಸ್ಸಿಳಿದ ಮೇಲೆ ಉಳಿಯುವ ಏರುದಾರಿಯ ಬಾಡಿಗೆ ದೊಡ್ಡದು. ಬೆಂಗಳೂರಿನಲ್ಲಿ ಕೂತು ಹಾಕಿದ ಅಂದಾಜು ಇಲ್ಲಿ ತಾಳುವುದಿಲ್ಲ. ಗಂಬೂಟು, ಜಿಗಣೆ ಕಾಲ್ಚೀಲ, ಮಳೆಕೋಟು, ಅಪಘಾತ ವಿಮೆ ಎಲ್ಲರಿಗೂ ಸಮನಾಗಿ ಇರಲಿ, ವಿದ್ಯಾರ್ಥಿಗೊಂದು ಸಹಾಯಕರಿಗೊಂದು ಬೇಡ. ಉಣ್ಣೆ (ಉಣುಗು) ಕಚ್ಚದಂತೆ ಹಚ್ಚಿಕೊಳ್ಳುವ ಎಣ್ಣೆಯನ್ನೂ ಸೇರಿಸಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣ್ಣೆಯಿಂದ ಮನುಷ್ಯರಿಗೆ ಹರಡುತ್ತದೆ. ಸತ್ತ ಮಂಗ ಕಂಡರೆ ಯಾರೂ ಮುಟ್ಟಬಾರದು, ಕೂಡಲೇ ಆರೋಗ್ಯ ಇಲಾಖೆಗೂ ಅರಣ್ಯ ಇಲಾಖೆಗೂ ತಿಳಿಸಬೇಕು ಎಂಬ ಸಾಲು ಅರ್ಜಿಯಲ್ಲೇ ಇದ್ದರೆ ಓದುವವರಿಗೆ ನಿಮ್ಮ ಮೇಲೆ ಭರವಸೆ ಬರುತ್ತದೆ.

ಊರಿನ ಸಭೆಗಳ ಊಟ, ಕನ್ನಡದಲ್ಲಿ ವರದಿ ಅಚ್ಚು ಹಾಕಿಸುವ ಖರ್ಚು, ಲೆಕ್ಕಪರಿಶೋಧಕರ ಶುಲ್ಕ, ಈ ಮೂರನ್ನು ಮರೆಯುವವರು ಬಹಳ.

ಬರೆಯುವುದು

ಮೊದಲು ಇಡೀ ಅರ್ಜಿಯನ್ನು ಕನ್ನಡದಲ್ಲಿ ಬರೆಯಿರಿ. ಏನು ಹೇಳಬೇಕೆಂಬುದು ಸ್ಪಷ್ಟವಾದ ಮೇಲೆ ಇಂಗ್ಲಿಷ್‌ಗೆ ತರಲು ಸಹಾಯ ಮಾಡುವವರು ಸಿಗುತ್ತಾರೆ. ಇಂಗ್ಲಿಷ್ ಸರಳವಾಗಿದ್ದರೆ ಸಾಕು. ‘ಜನರಲ್ಲಿ ಅರಿವು ಮೂಡಿಸುತ್ತೇವೆ’ ಎಂಬ ಸಾಲನ್ನು ತೆಗೆದುಹಾಕಿ. ಮಂಗದ ಬಗ್ಗೆ ಅರಿವು ಅವರಿಗೆ ನಿಮಗಿಂತ ಹೆಚ್ಚಿದೆ. ಅದರ ಬದಲು ಅಳೆಯಬಹುದಾದದ್ದನ್ನು ಬರೆಯಿರಿ: ಎಷ್ಟು ತೋಟಗಳಲ್ಲಿ ಮರದ ಲೆಕ್ಕ, ತಿಂಗಳಿಗೆ ಎಷ್ಟು ಸಲ ಗುಂಪಿನ ಎಣಿಕೆ, ನಷ್ಟವನ್ನು ಯಾರು ಯಾವ ಹಾಳೆಯಲ್ಲಿ ಬರೆಯುತ್ತಾರೆ, ಕೊನೆಯಲ್ಲಿ ಎಷ್ಟು ಯಜಮಾನರು ಯಾವ ಮರ ಉಳಿಸಲು ಬರೆದುಕೊಡಬಹುದು.

ಶಿಫಾರಸು ಬರೆಯುವವರಿಗೆ ಒಂದು ತಿಂಗಳು ಮುಂಚೆ ಕರಡು ಕಳಿಸಿ. ಅವರಲ್ಲಿ ಒಬ್ಬರಾದರೂ ನಿಮ್ಮ ಕೆಲಸವನ್ನು ಕಾಡಿನಲ್ಲಿ ಕಂಡವರಾಗಿರಲಿ. ಅರ್ಜಿ ತಿರಸ್ಕಾರವಾದರೆ ಕಾರಣ ಕೇಳಿ ಪತ್ರ ಬರೆಯಿರಿ. ಹಲವರು ಉತ್ತರಿಸುತ್ತಾರೆ, ತಿದ್ದಿದ ಅರ್ಜಿಯನ್ನು ಮುಂದಿನ ಸುತ್ತಿಗೆ ಹಾಕಬಹುದು. ತಿರಸ್ಕಾರವಾದ ಸುದ್ದಿಯನ್ನು ಊರಿನವರಿಗೂ ಹೇಳಿ. ಕಾಯಿಸಿ ಸುಮ್ಮನಾಗುವುದು ಅವರಿಗೆ ಮಾಡುವ ಅವಮಾನ.

ಹಣ ಬಂದ ಮೇಲೆ

ಯೋಜನೆಗೆ ಪ್ರತ್ಯೇಕ ಲೆಕ್ಕದ ಪುಸ್ತಕ ಇಡಿ. ಕೂಲಿಯನ್ನು ಸಾಧ್ಯವಾದಷ್ಟು ಬ್ಯಾಂಕ್ ಖಾತೆಗೇ ಹಾಕಿ, ನಗದು ಕೊಟ್ಟಾಗ ದಿನಾಂಕ, ಕೆಲಸ, ಸಹಿ ಇರುವ ವೋಚರ್ ಮಾಡಿ. ಜೀಪಿನವರು, ಸಂತೆಯ ಅಂಗಡಿಯವರು ರಸೀದಿ ಕೊಡದಿದ್ದರೆ ನಿಮ್ಮದೇ ವೋಚರ್ ಪುಸ್ತಕ ಬ್ಯಾಗಿನಲ್ಲಿರಲಿ. ಮಳೆಗಾಲದಲ್ಲಿ ಥರ್ಮಲ್ ರಸೀದಿ ಎರಡೇ ತಿಂಗಳಲ್ಲಿ ಬಿಳಿಯಾಗುತ್ತದೆ, ಅಂದೇ ಫೋಟೋ ತೆಗೆದಿಡಿ. ಬಜೆಟ್‌ನ ಒಂದು ಬಾಬ್ತಿನಿಂದ ಇನ್ನೊಂದಕ್ಕೆ ಹಣ ಸರಿಸಬೇಕಾದರೆ ಮೊದಲು ದಾನಿಗೆ ಪತ್ರ, ಆಮೇಲೆ ಖರ್ಚು.

ವರದಿಯನ್ನು ದಾನಿಗೆ ಕಳಿಸುವ ಮುಂಚೆ ಊರಿನಲ್ಲಿ ಓದಿ ಹೇಳಿ. ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ. ಸಿಂಗಳೀಕದ ಗುಂಪು ಮಲಗುವ ಮರ, ಕಾಡುಪಾಪ ಕಂಡ ತೋಟದ ನಿಖರ ಜಾಗ ಸಾರ್ವಜನಿಕ ವರದಿಯಲ್ಲಿ ಬೇಡ, ಹಿಡಿದು ಮಾರುವವರೂ ಓದುತ್ತಾರೆ. ಸಂಶೋಧನಾ ಲೇಖನ ಪ್ರಕಟವಾಗುವಾಗ ಸಹಾಯಕರ ಹೆಸರು, ಅವರು ಒಪ್ಪಿದರೆ, ಕೃತಜ್ಞತೆಯ ಕೊನೆಯ ಸಾಲಿನಲ್ಲಲ್ಲ, ಲೇಖಕರ ಸಾಲಿನಲ್ಲಿ ಬರಲಿ. ಎಣಿಕೆಯ ಹಾಳೆಗಳ ಒಂದು ಜೆರಾಕ್ಸ್ ಪ್ರತಿ, ಕನ್ನಡದ ವರದಿಯ ಜೊತೆ, ಪಂಚಾಯಿತಿಯ ಜೀವವೈವಿಧ್ಯ ಸಮಿತಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಎರಡನೇ ಅನುದಾನದ ಅರ್ಜಿಗೆ ಆ ಸ್ವೀಕೃತಿಯನ್ನೇ ಮೊದಲ ದಾಖಲೆಯಾಗಿ ಲಗತ್ತಿಸಿ.